ಐಟಿ ಕ್ರೌಡ್ ನೋಡಿದವ್ರು ಉಂಟಾ ಇಲ್ಲಿ? ಎಲ್ಲಿಂದ ಶುರು ಮಾಡುದು?

ನೆಲಮಾಳಿಗೆ_ಮಾಣಿ:
ನಾನು ಮಂಗ್ಳೂರಲ್ಲಿ ಒಂದು ಆಫೀಸಿನ ಸಿಸ್ಟಮ್ ಎಲ್ಲ ನೋಡ್ಕೊಳ್ಳುದು, ನಮ್ಮ ರೂಮ್ ಪಾರ್ಕಿಂಗ್ ಪಕ್ಕ ನೆಲದಡಿಯಲ್ಲಿ, ಜೂನಲ್ಲಿ ಜೋರು ಮಳೆ ಬಂದ್ರೆ ಯುಪಿಎಸ್ ಎತ್ತಿ ಮೇಜಿನ ಮೇಲೆ ಇಡುದೂ ನಮ್ಮದೇ ಡ್ಯೂಟಿ. ಮೊನ್ನೆ ಅಕೌಂಟ್ಸ್ ಅಕ್ಕ ಫೋನ್ ಮಾಡಿ "ಪ್ರಿಂಟರ್ ಸತ್ತೇ ಹೋಗಿದೆ ಮಾರಾಯ" ಅಂದ್ರು, ಎರಡು ಮಾಳಿಗೆ ಹತ್ತಿ ಹೋಗಿ ನೋಡಿದ್ರೆ ಅದರ ಪ್ಲಗ್ ತೆಗ್ದು ಮೊಬೈಲ್ ಚಾರ್ಜಿಗೆ ಹಾಕಿದ್ದಾರೆ. ಬೆಂಗ್ಳೂರಲ್ಲಿರುವ ದೋಸ್ತಿಗೆ ಇದನ್ನು ಹೇಳಿದ್ದಕ್ಕೆ ಅವ ಬಿದ್ದು ಬಿದ್ದು ನಕ್ಕು, ಐಟಿ ಕ್ರೌಡ್ ಅಂತ ಬ್ರಿಟಿಷ್ ಸೀರಿಯಲ್ ಉಂಟು ನೋಡು, ನಿನ್ನದೇ ಕತೆ ಅಂದ. 2006ರದ್ದಂತೆ, ಅಷ್ಟು ಹಳೇದು ಈಗ ನೋಡ್ಲಿಕ್ಕೆ ಆಗ್ತದಾ? ಅದ್ರಲ್ಲಿ ಕಂಪ್ಯೂಟರ್ ವಿಷಯ ಸರಿ ಉಂಟಾ, ಅಲ್ಲ ಸಿನೆಮಾದಲ್ಲಿ ಬರುವ ಹಾಗೆ ಸ್ಕ್ರೀನ್ ಮೇಲೆ ಹಸಿರು ಅಕ್ಷರ ಓಡುದು ಮಾತ್ರವಾ?

ಮಲ್ಪೆ_ಬೂತಾಯಿ:
ಕಣ್ಣು ಮುಚ್ಚಿ ನೋಡಿ ಮಾರಾಯ್ರೆ. ಚಾನೆಲ್ 4ರದ್ದು, ನಾಲ್ಕು ಸೀಸನ್, ಒಂದೊಂದರಲ್ಲಿ ಆರೇ ಆರು, ಕೊನೆಗೆ 2013ರಲ್ಲಿ ಒಂದು ಸ್ಪೆಷಲ್, ಒಟ್ಟು 25 ಎಪಿಸೋಡ್ ಅಷ್ಟೆ, ನಮ್ಮ ಸೀರಿಯಲ್‌ಗಳ ಹಾಗೆ ವರ್ಷಗಟ್ಲೆ ಎಳೆಯುದಿಲ್ಲ. ಲಂಡನಿನ ದೊಡ್ಡ ಕಂಪೆನಿ, ಮೇಲೆ ಎಲ್ಲ ಗಾಜು, ಥಳಥಳ, ಇವ್ರು ಮಾತ್ರ ಬೇಸ್‌ಮೆಂಟಲ್ಲಿ ಗುಜರಿ ರಾಶಿ ಮಧ್ಯ. ರಾಯ್ ಅಂತ ಒಬ್ಬ ಉದಾಸೀನದ ಮುದ್ದೆ, ಮಾಸ್ ಅಂತ ಇನ್ನೊಬ್ಬ ಬುದ್ಧಿವಂತ ಆದ್ರೆ ಮನುಷ್ಯರ ಜೊತೆ ಎರಡು ಮಾತಾಡ್ಲಿಕ್ಕೆ ಬರುದಿಲ್ಲ. ಇವರ ಮೇಲೆ ಬಾಸ್ ಆಗಿ ಬರುದು ಜೆನ್, ಅವಳಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ, ಬಯೋಡಾಟಾದಲ್ಲಿ ಸುಳ್ಳು ಬರ್ದು ಕೆಲಸ ಗಿಟ್ಟಿಸಿದ್ದು.

ಎರಡನೇ ಎಪಿಸೋಡಲ್ಲಿ ಆಫೀಸಿಗೆ ಬೆಂಕಿ ಬೀಳ್ತದೆ. ಮಾಸ್ ಎಂತ ಮಾಡ್ತಾನೆ ಗೊತ್ತುಂಟಾ? ಬೆಂಕಿ ಆರಿಸುವ ಸಿಲಿಂಡರಿಗೇ ಬೆಂಕಿ ಹಿಡಿದ ಮೇಲೆ ಸಮಾಧಾನದಲ್ಲಿ ಕೂತು ಅಗ್ನಿಶಾಮಕದವ್ರಿಗೆ ಈಮೇಲ್ ಟೈಪ್ ಮಾಡ್ತಾನೆ, ಮಾನ್ಯರೇ ಅಂತ ಶುರು ಮಾಡಿ, ಇದು ಜಾಸ್ತಿ ಮರ್ಯಾದೆಯ ಭಾಷೆ ಆಯ್ತು ಅಂತ ಅಳಿಸಿ ಪುನಃ ಬರೀತಾನೆ! ಹಿಂದೆ ಬೆಂಕಿ ಉರೀತಾ ಉಂಟು. ಅರ್ಜಿಯಲ್ಲಿ "ಈ ಮೂಲಕ ತಮ್ಮಲ್ಲಿ ವಿನಂತಿಸುವುದೇನೆಂದರೆ" ಬರ್ದವ್ರು ಎಲ್ಲರಿಗೂ ಅದು ತಾಗ್ತದೆ.

ರಥಬೀದಿ_ಗೋಳಿಬಜೆ:
ನಂಗೆ ಅಷ್ಟು ಹಿಡಿಸ್ಲಿಲ್ಲ, ಬೈಬೇಡಿ. ಹಿಂದಿನಿಂದ ಜನ ನಗುದು ತಲೆನೋವು. ಅದು ರೆಕಾರ್ಡ್ ಹಾಕಿದ್ದು ಅಲ್ಲ, ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರ್ಸಿ ಶೂಟ್ ಮಾಡಿದ್ದು ಅಂತ ಗೊತ್ತುಂಟು, ಆದ್ರೂ. ಕೆಲವು ಜೋಕ್ ಈಗ ನೋಡಿದ್ರೆ ಕಸಿವಿಸಿ ಆಗ್ತದೆ, ಅದೂ ಹೌದು. ಆದ್ರೆ ಮಾಸ್ ಪಾರ್ಟ್ ಮಾಡಿದ ರಿಚರ್ಡ್ ಅಯೋಡೆ ಸಲುವಾಗಿ ನೋಡ್ಬಹುದು, 2014ರಲ್ಲಿ ಬಾಫ್ಟಾ, ಅಂದ್ರೆ ಬ್ರಿಟನ್ನಿನ ದೊಡ್ಡ ಟಿವಿ ಪ್ರಶಸ್ತಿ, ಸಿಕ್ಕಿದೆ ಅವನಿಗೆ, ಜೆನ್ ಮಾಡಿದ ಕ್ಯಾಥರೀನ್ ಪಾರ್ಕಿನ್ಸನ್‌ಗೂ. ಮೊದಲ ಸೀಸನ್ ಬೋರ್ ಅನ್ಸಿದ್ರೆ ಸೀದಾ ಎರಡನೇದ್ರ ಮೊದಲನೇದು ಹಾಕಿ, ನಾಟಕ ನೋಡ್ಲಿಕ್ಕೆ ಹೋದ ರಾಯ್ ಟಾಯ್ಲೆಟ್ ವಿಷಯದಲ್ಲಿ ಸಿಕ್ಕಿಬೀಳುದು. ನಂಗೂ ಅಲ್ಲಿ ಮಾತ್ರ ನಗು ತಡೀಲಿಕ್ಕೆ ಆಗ್ಲಿಲ್ಲ.

ಸಿಡಿಲು_ಸರ್ವಿಸ್:
ಕಂಪ್ಯೂಟರ್ ವಿಷಯ ಕೇಳಿದ್ರಲ್ಲ, ಹಸಿರು ಅಕ್ಷರ ಎಂತ ಇಲ್ಲ, ನಿಜ ಹೇಳ್ಬೇಕಂದ್ರೆ ಅದ್ರಲ್ಲಿ ರಿಪೇರಿಯೇ ಕಮ್ಮಿ, ಫೋನ್ ಎತ್ತಿದ ಕೂಡ್ಲೆ ರಾಯ್ "ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?" ಕೇಳುದು, ಮುಗೀತು. ಜನ ಅದನ್ನು ಜೋಕ್ ಅಂತ ತಿಳ್ಕೊಂಡಿದ್ದಾರೆ, ನಂಗೆ ಅದೇ ಅನ್ನ. ಪ್ರೋಗ್ರಾಮ್ ಎಲ್ಲೋ ಸಿಕ್ಕಿಹಾಕ್ಕೊಂಡಿರ್ತದೆ, ಅಲ್ಲದಿದ್ರೆ ತಗೊಂಡ ಮೆಮೊರಿ ವಾಪಸ್ ಕೊಡದೆ ತುಂಬಿಸಿಟ್ಟಿರ್ತದೆ, ಕರೆಂಟ್ ತೆಗೆದ್ರೆ ಆ ತಾತ್ಕಾಲಿಕ ಮೆಮೊರಿ, ಅಂದ್ರೆ ರ‍್ಯಾಮ್ ಖಾಲಿ, ಎಲ್ಲ ಹೊಸತರಿಂದ ಶುರು. ರೂಟರ್ ಆದ್ರೆ ಆಫ್ ಮಾಡಿ ಅರ್ಧ ನಿಮಿಷ ಬಿಡಿ, ಒಳಗಿನ ಕೆಪಾಸಿಟರಲ್ಲಿ ಸ್ವಲ್ಪ ಚಾರ್ಜ್ ಉಳೀತದೆ ಹಾಗೆ.

ನಮ್ಮ ಊರಿಗೆ ಮಾತ್ರ ಈ ಮಂತ್ರ ಸಾಕಾಗುದಿಲ್ಲ. ಇಲ್ಲಿಯ ಥಂಡಿಗೆ ರ‍್ಯಾಮಿನ ಕಾಲು, ಅಂದ್ರೆ ಬೋರ್ಡಿಗೆ ಸಿಕ್ಕಿಸುವ ಲೋಹದ ಅಂಚು, ಮಂಕಾಗ್ತದೆ, ಮಕ್ಕಳ ರಬ್ಬರಲ್ಲಿ ಉಜ್ಜಿ ಹಾಕಿದ್ರೆ ಎಷ್ಟೋ ಸಲ ಜೀವ ಬರ್ತದೆ. ಮೇ ತಿಂಗಳ ಸಿಡಿಲಿಗೆ ಸ್ವಿಚ್ ಆಫ್ ಮಾಡಿ ಕೂತ್ರೆ ಆಗುದಿಲ್ಲ, ಪ್ಲಗ್ ಎಳೀಬೇಕು, ನೆಟ್ಟಿನ ಕೇಬಲೂ ಎಳೀಬೇಕು. ಪ್ಲಗ್ ಮಾತ್ರ ಎಳೆದು ಟೆಲಿಫೋನ್ ವಯರ್ ಬಿಟ್ಟವರ ಮೋಡೆಮ್ ನಾನು ರಾಶಿ ನೋಡಿದ್ದೇನೆ, ಮೂಗಿಗೆ ಹಿಡಿದ್ರೆ ಸುಟ್ಟ ವಾಸನೆ.

ನೆಲಮಾಳಿಗೆ_ಮಾಣಿ:
ಥ್ಯಾಂಕ್ಸ್ ಎಲ್ರಿಗೂ. ನಿನ್ನೆ ರಾತ್ರಿ ಬೆಂಕಿದು ನೋಡಿದೆ, ಅಮ್ಮ ಮಲ್ಲಿಗೆ ಕಟ್ತಾ ಪಕ್ಕ ಕೂತಿದ್ರು, ಇಂಗ್ಲಿಷ್ ಒಂದಕ್ಷರ ಗೊತ್ತಿಲ್ಲ, ಆದ್ರೆ ಅವ ಬೆಂಕಿ ಬಿಟ್ಟು ಟೈಪ್ ಮಾಡ್ಲಿಕ್ಕೆ ಕೂತದ್ದು ನೋಡಿ "ಇವ ನಿನ್ನ ಹಾಗೇ" ಅಂದ್ರು. ಎಂತ ಹೇಳುದು.

ಆಮೇಲೆ ನಿದ್ದೆ ಬಿಟ್ಟು ಮೂರನೇ ಸೀಸನಿಗೆ ಹಾರಿದೆ, ಇವ್ರಿಬ್ರು ಸೇರಿ ಜೆನ್ ಕೈಗೆ ಒಂದು ಕರಿ ಡಬ್ಬಿ ಕೊಟ್ಟು ಇದೇ ಇಂಟರ್ನೆಟ್ ಅಂತ ನಂಬಿಸುದು, ಮೇಲೆ ಒಂದು ಕೆಂಪು ಲೈಟ್ ಮಾತ್ರ ಮಿಣಿಮಿಣಿ. ಅವಳು ಅದನ್ನು ಸ್ಟೇಜಿಗೆ ತಗೊಂಡು ಹೋದ್ರೆ ಅಲ್ಲಿದ್ದ ದೊಡ್ಡ ದೊಡ್ಡ ಜನರೂ ನಂಬುದು! ನಮ್ಮ ರೂಮಲ್ಲೂ ಸಿಡಿಲು ಬಡಿದ ಮೋಡೆಮ್ ಒಂದು ಬಿದ್ದುಕೊಂಡಿದೆ, ಕೆಂಪು ಲೈಟ್ ಇನ್ನೂ ಉರೀತದೆ. ಸೋಮವಾರ ಅಕೌಂಟ್ಸ್ ಅಕ್ಕನ ಮೇಜಿಗೆ ಕೊಂಡೋಗಿ ಇಡ್ತೇನೆ, ಜಾಗ್ರತೆ ಅಕ್ಕ, ಇದರ ಪ್ಲಗ್ ತೆಗೀಬೇಡಿ ಅಂತ ಹೇಳಿ.