ಸಾಲದ ಹೊತ್ತಲ್ಲಿ ಸಂಬಳ ಏರಿಸಬೇಕಿತ್ತಾ?

ಬೆಣ್ಣೆದೋಸೆ, ದಾವಣಗೆರೆ: ಬೆಳಿಗ್ಗೆ ಹೋಟೆಲಲ್ಲಿ ಇದೇ ಜಗಳ. ರಾಜ್ಯ ಸರ್ಕಾರ ಸಾಲ ಮಾಡುತ್ತಿರುವಾಗ ತನ್ನ ನೌಕರರಿಗೆ ಏಳನೇ ವೇತನ ಆಯೋಗ ಹೇಳಿದ ಸಂಬಳ ಯಾಕೆ ಬೇಕಿತ್ತು? ಕನಿಷ್ಠ ಮೂಲ ವೇತನ 17,000 ಇದ್ದದ್ದು 27,000 ಆಯಿತು, ನಮ್ಮ ಮೆಕ್ಕೆಜೋಳಕ್ಕೆ ಅಂಥ ಏರಿಕೆ ಯಾವತ್ತು ಸಿಕ್ಕಿದೆ?

ಹಳ್ಳಿ ಮೇಷ್ಟ್ರು: ಅಣ್ಣ, ಆ 10,000 ಪೂರ್ತಿ ಹೊಸ ದುಡ್ಡಲ್ಲ. ಮೊದಲೇ ಸಿಗುತ್ತಿದ್ದ 31% ತುಟ್ಟಿಭತ್ಯೆಯನ್ನು ಮೂಲ ವೇತನಕ್ಕೆ ಸೇರಿಸಿದರು, ಜಾಸ್ತಿ ಕೊಟ್ಟಿದ್ದು 27.5% ಅಷ್ಟೇ. ಲೆಕ್ಕಕ್ಕೆ 2022ರ ಜುಲೈಯಿಂದ, ಕೈಗೆ 2024ರ ಆಗಸ್ಟ್‌ನಿಂದ. ನಡುವಿನ ಬಾಕಿ ಗೋವಿಂದ! 2006ರ ಏಪ್ರಿಲ್ ನಂತರ ಸೇರಿದ ನನ್ನಂಥವರಿಗೆ ಹಳೇ ಪಿಂಚಣಿ ಇಲ್ಲ, ಸಂಬಳದಿಂದಲೇ ದುಡ್ಡು ಮುರಿದುಕೊಳ್ಳುವ ಪಿಂಚಣಿ ಯೋಜನೆ ಎನ್‌ಪಿಎಸ್ ಬೇರೆ.

ಕೋಟೆ ಹುಡುಗ, ಚಿತ್ರದುರ್ಗ: ನಾನು ಹೊರಗುತ್ತಿಗೆ. ಪಕ್ಕದ ಮೇಜಿನವರ ಫೈಲೂ ನಾನೇ ಟೈಪ್ ಮಾಡುತ್ತೇನೆ, ಹೋದ ತಿಂಗಳ ಸಂಬಳ ಇನ್ನೂ ಬಂದಿಲ್ಲ. ನನಗೆ ಯಾವ ಆಯೋಗ?

ಬೆಣ್ಣೆದೋಸೆ: ಬಾಕಿ ವಿಷಯ ಗೊತ್ತಿರಲಿಲ್ಲ ಮೇಷ್ಟ್ರೇ. ಆದರೂ ಬಡ್ಡಿ ಕಟ್ಟುವವರು ನಾವೇ ಅಲ್ವಾ?