ಒಬ್ಬಟ್ಟು ತಟ್ಟುವಾಗಲೇ ಹರಿಯುತ್ತಿದೆ, ನಾಡಿದ್ದು ಯುಗಾದಿ. ದಯವಿಟ್ಟು ಸಹಾಯ ಮಾಡಿ

ಚಿಂತಾಮಣಿ_ಒಲೆ (ರಾತ್ರಿ 9:10)
ಅಮ್ಮನ ಬಲಗೈ ಪ್ಲಾಸ್ಟರ್‌ನಲ್ಲಿದೆ. ಹಾಗಾಗಿ ಈ ಸಲ ಒಬ್ಬಟ್ಟು ನನ್ನ ಪಾಲಿಗೆ ಬಂದಿದೆ. ಅಕ್ಕ-ಭಾವ, ಚಿಕ್ಕಪ್ಪನ ಮನೆಯವರು ಸೇರಿ 14 ಜನ. ಇವತ್ತು ಎರಡು ಸಲ ಮಾಡಿ ನೋಡಿದೆ, ಎರಡೂ ಸಲ ಹಾಳು. ತಟ್ಟುವಾಗ ಅಲ್ಲಲ್ಲಿ ತೂತು ಬೀಳುತ್ತದೆ. ಹೂರಣ ಹೊರಗೆ ಬಂದು ಕಾವಲಿಗೆ ಅಂಟಿ ಸೀದುಹೋಗುತ್ತದೆ. ಅಳತೆ ಎಲ್ಲಾ ಅಮ್ಮ ಹೇಳಿದ್ದೇ. ತುಂಬಾ ಬೇಜಾರಾಗಿದೆ. ಎಲ್ಲಿ ತಪ್ಪುತ್ತಿದೆ?

ತಿಪಟೂರು_ಕಾಯಿ (9:22)
ಕಣಕದ್ದೇ ತಪ್ಪು. ಬರೀ ಮೈದಾ ಹಾಕಿರುತ್ತೀರಿ. ಚಿರೋಟಿ ರವೆ ಹಾಕಿ, ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲಸಿ. ಮೇಲೆ ಎಣ್ಣೆ ಸುರಿದು 2 ಗಂಟೆ ಬಿಡಿ. ಎಳೆದರೆ ರಬ್ಬರ್ ಥರ ಬರಬೇಕು.

ಚಿಂತಾಮಣಿ_ಒಲೆ (9:25)
ಚಿರೋಟಿ ರವೆಯೇ ಹಾಕಿದ್ದು ಸರ್. 3 ಗಂಟೆ ನೆನೆಸಿದ್ದೆ. ಎಳೆದರೆ ಚೆನ್ನಾಗಿಯೇ ಬರುತ್ತದೆ.

ತಿಪಟೂರು_ಕಾಯಿ (9:27)
ಹಾಗಾದರೆ ನಾದಿದ್ದು ಸಾಲದು. ಎಣ್ಣೆಯೂ ಕಮ್ಮಿಯಾಗಿದೆ. ಇನ್ನೊಂದು ಸಲ ಕಲಸಿ.

ಮಾಲೂರು_ಅಜ್ಜಿಮನೆ (9:31)
ಯಾವ ಬೇಳೆ? ಕಡಲೆಬೇಳೆಯಾದರೆ ಬಿಡಿ, ತೊಗರಿಬೇಳೆ ಹಾಕಿ. ಹೂರಣ ನುಣ್ಣಗೆ ಬರುತ್ತದೆ.

ಸಿರಾ_ಸೌದೆ (9:34)
ಕಡಲೆಬೇಳೆಗೆ ಏನಾಗಿದೆ ಅಕ್ಕ? ನಮ್ಮ ಮನೆಯಲ್ಲಿ ಅಜ್ಜಿ ಕಾಲದಿಂದಲೂ ಅದೇ. ತೊಗರಿಬೇಳೆ ಹೂರಣ ಬೇಗ ನೀರಾಗುತ್ತದೆ.

ಮಾಲೂರು_ಅಜ್ಜಿಮನೆ (9:36)
ಸರಿಯಾಗಿ ಬಸಿಯದಿದ್ದರೆ ಯಾವ ಬೇಳೆಯೂ ನೀರಾಗುತ್ತದೆ. ಸುಮ್ನೆ ತೊಗರಿಬೇಳೆಯನ್ನು ದೂರಬೇಡಿ.

ಕುಣಿಗಲ್_ಒರಳು (9:45)
ಮಿಕ್ಸಿ ಜಾರಿನಲ್ಲಿ ಹೂರಣ ಹದಕ್ಕೆ ಬರುವುದಿಲ್ಲ. ನಾನು ಈಗಲೂ ಒರಳುಕಲ್ಲಿನಲ್ಲೇ ರುಬ್ಬುವುದು. ಅಜ್ಜಿಯ ಕಬ್ಬಿಣದ ಕಾವಲಿ ಇದೆ, ಒಂದೂ ಅಂಟುವುದಿಲ್ಲ. ಹೋದ ವರ್ಷ ಬಾಳೆಲೆ ಮೇಲೆ ತಟ್ಟಿ 60 ಒಬ್ಬಟ್ಟು ಬೇಯಿಸಿದೆ.

ಸಿರಾ_ಸೌದೆ (9:48)
ನಮ್ಮದೂ ಕಬ್ಬಿಣದ್ದೇ, ಸೌದೆ ಒಲೆ ಮೇಲೆ. ಆ ಘಮ ಗ್ಯಾಸಿನಲ್ಲಿ ಬರುವುದಿಲ್ಲ.

ಶಿಡ್ಲಘಟ್ಟ_ರೇಷ್ಮೆ (10:02)
ಕಾವಲಿ ವಿಷಯ ಆಮೇಲೆ. ಚಿಂತಾಮಣಿಯವರೇ, ಒಂದು ಚಿಟಿಕೆ ಹೂರಣ ಎರಡು ಬೆರಳಲ್ಲಿ ಉಜ್ಜಿ ನೋಡಿ. ನುಚ್ಚು ಸಿಗುತ್ತದಾ? ಮತ್ತೆ ಬೇಳೆ ಬಸಿದ ನೀರು, ಅಂದರೆ ಕಟ್ಟು, ಎಷ್ಟು ಬಂತು?

ಚಿಂತಾಮಣಿ_ಒಲೆ (10:06)
ಹೌದು, ಗಟ್ಟಿ ನುಚ್ಚು ಸಿಗುತ್ತಿದೆ. ಕಟ್ಟು ತೆಗೆದೇ ಇಲ್ಲ. ಟೈಮ್ ಉಳಿಯಲಿ ಅಂತ ತೊಗರಿಬೇಳೆ, ಬೆಲ್ಲ ಎರಡನ್ನೂ ಒಟ್ಟಿಗೇ ಕುಕ್ಕರ್‌ಗೆ ಹಾಕಿ 4 ವಿಷಲ್ ಕೂಗಿಸಿದೆ. ಸಾರಿಗೆ ಬೇರೆ ಬೇಳೆ ಬೇಯಿಸೋಣ ಅಂತಿದ್ದೆ.

ಶಿಡ್ಲಘಟ್ಟ_ರೇಷ್ಮೆ (10:15)
ಅಲ್ಲೇ ತಪ್ಪಿದ್ದು. ಬೆಲ್ಲ ಬಿದ್ದರೆ ಬೇಳೆ ಸರಿಯಾಗಿ ಮೆತ್ತಗಾಗುವುದಿಲ್ಲ. ಒಳಗೆ ಅರೆಬೆಂದ ಕಾಳು ಹಾಗೇ ನಿಲ್ಲುತ್ತದೆ. ತಟ್ಟುವಾಗ ಆ ನುಚ್ಚೇ ಕಣಕವನ್ನು ತೂತು ಮಾಡುವುದು. ನೀರು ಬೋರ್‌ವೆಲ್‌ನದಾ? ನಮ್ಮ ಕಡೆ ಬೋರ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಕೂಡ ಬೇಳೆಯನ್ನು ಬೇಯಲು ಬಿಡುವುದಿಲ್ಲ. ನಾನು ಹಬ್ಬದ ಬೇಳೆಗೆ ಕ್ಯಾನ್ ನೀರನ್ನೇ ಹಾಕುವುದು.

ನಾಳೆ ಹೀಗೆ ಮಾಡಿ. ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು ಬೇಯಿಸಿ. ಬೆರಳಲ್ಲಿ ಹಿಸುಕಿದರೆ ನುಣ್ಣಗಾಗಬೇಕು, ಆದರೆ ಕರಗಿ ಗಂಜಿಯಾಗಬಾರದು. ಆಗ ಬಸಿಯಿರಿ. ಪೂರ್ತಿ ನೀರು ಇಳಿದ ಮೇಲೆ ಬೆಲ್ಲ ಹಾಕಿ, ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ಕೈಯಾಡಿಸಿ. ಆಮೇಲೆ ಏಲಕ್ಕಿ ಹಾಕಿ ರುಬ್ಬಿ. ಹಳೆ ಹೂರಣ ಬಿಸಾಡಬೇಡಿ. ಕಾಯಿಹಾಲು ಹಾಕಿದರೆ ಒಳ್ಳೆ ಪಾಯಸ.

ತಿಪಟೂರು_ಕಾಯಿ (10:19)
ಇರಬಹುದು. ಆದರೂ ಕಣಕಕ್ಕೆ ಎಣ್ಣೆ ಜಾಸ್ತಿ ಹಾಕಿ.

ಚಿಂತಾಮಣಿ_ಒಲೆ (ಮರುದಿನ ಸಂಜೆ 5:30)
ಕ್ಯಾನ್ ನೀರು, ತೆರೆದ ಪಾತ್ರೆ. ಪರೀಕ್ಷೆಗೆ 12 ತಟ್ಟಿದೆ, ಒಂದು ಮಾತ್ರ ಅಂಚಿನಲ್ಲಿ ಒಡೆಯಿತು. ಅಮ್ಮ ಎಡಗೈಯಲ್ಲೇ ಮುರಿದು ತಿಂದು, "ಇನ್ನೊಂದು ಕೊಡು" ಅಂದರು. ಶಿಡ್ಲಘಟ್ಟದವರಿಗೆ ತುಂಬಾ ಥ್ಯಾಂಕ್ಸ್. ಈಗ ಒಂದು ದೊಡ್ಡ ಪಾತ್ರೆ ಕಟ್ಟು ಉಳಿದಿದೆ. ಸಾರಿಗೆ ಹೂರಣ ಎಷ್ಟು ಹಾಕಬೇಕು?

ಮಾಲೂರು_ಅಜ್ಜಿಮನೆ (5:41)
ಒಂದು ನಿಂಬೆಹಣ್ಣಿನ ಗಾತ್ರ ಸಾಕು. ಹುಣಸೆಹುಳಿ ಸ್ವಲ್ಪ ಮುಂದಿರಲಿ.

ಸಿರಾ_ಸೌದೆ (5:44)
ಎರಡು ನಿಂಬೆ ಗಾತ್ರ ಬೇಕು. ಸಿಹಿ ಗೊತ್ತಾಗದಿದ್ದರೆ ಅದು ಒಬ್ಬಟ್ಟಿನ ಸಾರೇ ಅಲ್ಲ.