ಮೊದಲ ಉರಿಗೇ ಬಿರುಕು ಬಿಟ್ಟ ಪಿಜ್ಜಾ ಒಲೆ: ಉಳಿಸಿಕೊಳ್ಳಬಹುದೇ?

ಪ್ರಶ್ನೆ (ಗಂಗಾವತಿಯಿಂದ)

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ನಮ್ಮ ಮನೆಯ ಹಿತ್ತಲಲ್ಲಿ ಕಟ್ಟಿಗೆ ಉರಿಯ ಪಿಜ್ಜಾ ಒಲೆಯೊಂದನ್ನು ಕಟ್ಟಿಸಿದ್ದೇನೆ. ಒಳಗಿನ ಅಡ್ಡಳತೆ 40 ಇಂಚು, ಗುಮ್ಮಟದ ಎತ್ತರ 20 ಇಂಚು. ಬಾಯಿಯ ಎತ್ತರವು ಗುಮ್ಮಟದ ಎತ್ತರದ ಶೇ 63ರಷ್ಟಿರಬೇಕೆಂಬ ಲೆಕ್ಕದಂತೆ ಹನ್ನೆರಡೂವರೆ ಇಂಚು. ಗುಮ್ಮಟಕ್ಕೆ 9 ಇಂಚಿನ, ಶಾಖ ತಾಳುವ ಫೈರ್ ಬ್ರಿಕ್‌ಗಳನ್ನು ಅರ್ಧಕ್ಕೆ ಕತ್ತರಿಸಿ ಬಳಸಿದ್ದೇವೆ. ಗಾರೆಗೆ ಮೂರು ಪಾಲು ಸಣ್ಣ ಮರಳಿನೊಂದಿಗೆ ಸಿಮೆಂಟ್, ಸುಣ್ಣದ ಪುಡಿ, ಫೈರ್ ಕ್ಲೇ (ಶಾಖ ತಾಳುವ ಜೇಡಿಮಣ್ಣು) ತಲಾ ಒಂದೊಂದು ಪಾಲು ಕಲಸಿದ್ದೆವು.

ಗುಮ್ಮಟ ಮುಗಿದ ಮರುದಿನವೇ ಗೌಂಡಿಯವರು ಅದರ ಮೇಲೆ ಒಂದೂವರೆ ಇಂಚು ದಪ್ಪಕ್ಕೆ ಸಿಮೆಂಟ್ ಗಿಲಾವು ಮಾಡಿ, ಮನೆಯ ಗೋಡೆಗೆ ಹೊಡೆಯುವಂತೆ ಹತ್ತು ದಿನ ಬೆಳಿಗ್ಗೆ ಸಂಜೆ ನೀರು ಹೊಡೆದರು. ಹನ್ನೊಂದನೆಯ ದಿನ ನೆಂಟರು ಬಂದಿದ್ದರು. ಅವರೆದುರು ಒಲೆ ಹಚ್ಚುವ ಉತ್ಸಾಹದಲ್ಲಿ ಜಾಲಿ ಕಟ್ಟಿಗೆಯ ದೊಡ್ಡ ಉರಿಯನ್ನೇ ಹಾಕಿಬಿಟ್ಟೆ. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ತೆಂಗಿನಕಾಯಿ ಒಡೆದಂಥ ಸದ್ದು ಕೇಳಿಸಿತು. ಬಾಯಿಯ ಕಮಾನಿನಿಂದ ನೆತ್ತಿಯವರೆಗೆ ಗಿಲಾವು ಸೀಳಿತ್ತು. ಸೀಳಿನ ಅಂಚಿನಲ್ಲಿ ನೀರಿನ ಹನಿಗಳು ಮೂಡಿ, ಅಲ್ಲಿಯೇ ಸುಂಯ್ ಎಂದು ಆರಿಹೋಗುತ್ತಿದ್ದವು. ಮರುದಿನ ನೋಡಿದರೆ ಅದರ ಎರಡೂ ಬದಿಗೆ ಉಪ್ಪು ಉದುರಿಸಿದಂತೆ ಬಿಳಿ ಪುಡಿ ಕಟ್ಟಿತ್ತು. ಒಳಗಡೆ ಎರಡು ಸಂದುಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ. ಇಟ್ಟಿಗೆ ಒಂದೂ ಸಡಿಲವಾಗಿಲ್ಲ.

ಇನ್ನೂ ಹನ್ನೊಂದು ದಿನ ನೀರು ಹೊಡೆದು 21 ದಿನ ಪೂರೈಸಬೇಕು, ಆಮೇಲೆ ಬಿರುಕಿಗೆ ಸಿಮೆಂಟ್ ತುಂಬಿದರಾಯಿತು ಎಂದು ಗೌಂಡಿಯವರು ಹೇಳುತ್ತಾರೆ. ಸ್ನೇಹಿತರೊಬ್ಬರು ಪೂರ್ತಿ ಕೆಡವಿ ಹೊಸದಾಗಿ ಕಟ್ಟುವುದೇ ಲೇಸು ಎನ್ನುತ್ತಾರೆ. ಎರಡು ತಿಂಗಳ ಭಾನುವಾರಗಳನ್ನೆಲ್ಲ ಈ ಒಲೆಗೆ ಕೊಟ್ಟಿದ್ದೇನೆ. ಉಳಿಸಿಕೊಳ್ಳುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಬಳ್ಳಾರಿಯಿಂದ)

ಕೆಡವಬೇಡಿ, ನೀರನ್ನೂ ಹೊಡೆಯಬೇಡಿ. ನಾನು ಉಕ್ಕಿನ ಕಾರ್ಖಾನೆಗಳಲ್ಲಿ ಕುಲುಮೆ ಮತ್ತು ಕರಗಿದ ಉಕ್ಕು ತುಂಬುವ ದೊಡ್ಡ ಪಾತ್ರೆಗಳಾದ ಲ್ಯಾಡಲ್‌ಗಳ ಒಳಗೋಡೆಗೆ ಇಟ್ಟಿಗೆ ಕಟ್ಟುವ ಕೆಲಸವನ್ನೇ ಮಾಡಿ ನಿವೃತ್ತನಾದವನು. ನಿಮ್ಮ ಒಲೆಯ ಇಟ್ಟಿಗೆ ಕೆಟ್ಟಿಲ್ಲ, ಗಾರೆಯ ಪಾಕವೂ ತಪ್ಪಿಲ್ಲ. ಹೊರಗಿನ ಗಿಲಾವನ್ನು ಬೇಗ ಮಾಡಿದ್ದು ಮೊದಲನೆಯ ತಪ್ಪು, ಉರಿಯನ್ನು ಅವಸರದಲ್ಲಿ ಏರಿಸಿದ್ದು ಎರಡನೆಯದು.

ಕ್ಯೂರಿಂಗ್ ಎಂಬ ಒಂದೇ ಮಾತನ್ನು ನಾವು ಎರಡು ಬೇರೆ ಕೆಲಸಗಳಿಗೆ ಬಳಸುತ್ತೇವೆ, ಗೊಂದಲ ಹುಟ್ಟುವುದು ಅಲ್ಲಿಯೇ. ಗಾರೆಯಲ್ಲಿರುವ ಸಿಮೆಂಟ್ ಗಟ್ಟಿಯಾಗಲು ಮೊದಲ ಒಂದು ವಾರ ತೇವ ಬೇಕು. ನಮ್ಮ ಕಡೆಯ ಬಿಸಿಲಿಗೆ ಗಾರೆ ಗಂಟೆಯೊಳಗೆ ಬಿಳುಪೇರುವುದರಿಂದ ಒದ್ದೆ ಗೋಣಿತಟ್ಟು ಹೊದಿಸುವುದೂ ಸರಿಯೇ. ಆ ವಾರ ಮುಗಿದ ಮೇಲೆ ಒಲೆಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧವಾದ ಕೆಲಸ: ಇಟ್ಟಿಗೆ, ಸಂದು, ತಳ ಎಲ್ಲೆಲ್ಲಿ ನೀರು ಕುಳಿತಿದೆಯೋ ಅಲ್ಲಿಂದೆಲ್ಲ ಅದನ್ನು ಮೆಲ್ಲಗೆ ಹೊರಗೆ ಕಳಿಸಬೇಕು. ಒಂದು ಲೋಟ ನೀರು ಆವಿಯಾದರೆ ಸುಮಾರು 1,600 ಲೋಟದಷ್ಟು ಜಾಗ ಕೇಳುತ್ತದೆ. ಸಿಮೆಂಟ್ ಗಿಲಾವು ಹೊರದಾರಿಯನ್ನು ಮುಚ್ಚಿರುವಾಗ ದೊಡ್ಡ ಉರಿ ಹಾಕಿದರೆ ಆ ಆವಿ ದಾರಿಯನ್ನು ತಾನೇ ಸೀಳಿಕೊಳ್ಳುತ್ತದೆ. ನೀವು ಕೇಳಿದ ಸದ್ದು ಅದೇ. ಬಿಳಿ ಪುಡಿಯು ನೀರಿನೊಂದಿಗೆ ಹೊರಬಂದ ಲವಣವಾದ್ದರಿಂದ ಅದಕ್ಕೆ ಹೆದರಬೇಕಾಗಿಲ್ಲ.

ಮೊದಲು ಗಿಲಾವನ್ನು ಸಣ್ಣ ಉಳಿಯಿಂದ, ಇಟ್ಟಿಗೆಗೆ ಪೆಟ್ಟು ತಾಗದಂತೆ, ಪೂರ್ತಿ ಬಿಡಿಸಿ ತೆಗೆಯಿರಿ. ಒಂದು ವಾರ ಗಾಳಿಗೆ ಬಿಡಿ. ಮಳೆ ಬಂದರೆ ಮಾತ್ರ ತಾಡಪಾಲು ಮುಚ್ಚಿ. ಆಮೇಲೆ ಮೊದಲ ಎರಡು ದಿನ ಒಳಗೋಡೆ 100ರಿಂದ 120 ಡಿಗ್ರಿ ಸೆಲ್ಸಿಯಸ್ ದಾಟದಂತೆ ದಿನಕ್ಕೆ ಆರು ಗಂಟೆ ಕಾಲ ಸಣ್ಣ ಕಾವು ಕೊಡಿ. ಮೂರನೆಯ ದಿನ 150, ನಂತರ ದಿನಕ್ಕೆ 50ರಂತೆ ಏರಿಸುತ್ತ 300 ಮುಟ್ಟಿಸಿ. ಜ್ವಾಲೆ ಗುಮ್ಮಟದ ನೆತ್ತಿಯನ್ನು ನೆಕ್ಕುವಷ್ಟು ಉದ್ದವಾಗಬಾರದು. ಅಲ್ಲಿ ಇಟ್ಟಿಗೆಗಳು ಚಿಕ್ಕವು, ಸಂದುಗಳು ಹೆಚ್ಚು. ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಕೊಳ್ಳಿ. ಕೊಳ್ಳುವ ಮುನ್ನ ಅದು 500 ಡಿಗ್ರಿಗಿಂತ ಹೆಚ್ಚು ಅಳೆಯಬಲ್ಲುದೇ ಎಂದು ನೋಡಿಕೊಳ್ಳಿ, ಅಗ್ಗದವು 380ಕ್ಕೇ ನಿಂತುಬಿಡುತ್ತವೆ.

ಬಿರುಕಿಗೆ ಸಿಮೆಂಟ್ ತುಂಬುವ ಮಾತನ್ನು ಬಿಟ್ಟುಬಿಡಿ. ಒಳಗಿನಿಂದ ಕಾದಾಗ ಗುಮ್ಮಟ ಹಿಗ್ಗಿ ಹೊರಗಿನ ಬಿರುಕು ಬಾಯಿ ತೆರೆಯುತ್ತದೆ, ಆರಿದಾಗ ಮುಚ್ಚಿಕೊಳ್ಳುತ್ತದೆ. ತೆರೆದಿರುವಾಗ ಗಟ್ಟಿ ಸಿಮೆಂಟ್ ಒಳಸೇರಿದರೆ ಅದು ಬೆಣೆಯಂತೆ ನಿಂತು ಗುಮ್ಮಟ ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಅಲ್ಲದೆ 300 ಡಿಗ್ರಿ ದಾಟಿದ ಮೇಲೆ ಬರೀ ಸಿಮೆಂಟ್ ಬಲ ಕಳೆದುಕೊಳ್ಳುತ್ತ ಹೋಗಿ ಕ್ರಮೇಣ ಪುಡಿಯಾಗುತ್ತದೆ. ಕಾಯಿಸುವ ಕೆಲಸ ಮುಗಿದು ಒಲೆ ತಣ್ಣಗಾದ ಮೇಲೆ, ಉಗುರು ಹಿಡಿಯುವಷ್ಟು ಅಗಲದ ಬಿರುಕಿದ್ದರೆ ಮಾತ್ರ ಫೈರ್ ಕ್ಲೇ ಮತ್ತು ಸಣ್ಣ ಮರಳಿನ ಮಿಶ್ರಣವನ್ನು ಮೆತ್ತಿ. ಕೂದಲೆಳೆಯ ಬಿರುಕು ಪ್ರತಿ ಒಲೆಗೂ ಬರುತ್ತದೆ.

ಇನ್ನೊಂದು ಮಾತು, ಮುಂದೆ ಕಟ್ಟುವವರಿಗಾಗಿ. ಉಕ್ಕಿನ ಕಾರ್ಖಾನೆಗಳಿರುವ ತೋರಣಗಲ್ಲು, ಗಿಣಿಗೇರಿ ಸುತ್ತಮುತ್ತಲ ಗುಜರಿಗಳಲ್ಲಿ ಕುಲುಮೆಯಿಂದ ಬಿಡಿಸಿದ ಹಳೆಯ ಇಟ್ಟಿಗೆ ಅಗ್ಗಕ್ಕೆ ಸಿಗಬಹುದು. ಅನ್ನದ ಒಲೆಗೆ ಅದನ್ನು ದಯವಿಟ್ಟು ತರಬೇಡಿ. ಅದರಲ್ಲಿ ಮ್ಯಾಗ್ನೀಸಿಯಾ-ಕ್ರೋಮ್ ಇಟ್ಟಿಗೆ ಸೇರಿದ್ದರೆ ಬಳಕೆಯಾದ ಮೇಲೆ ವಿಷಕಾರಿ ಕ್ರೋಮಿಯಂ ಉಳಿದಿರುವ ಸಾಧ್ಯತೆಯಿದೆ, ಕಣ್ಣಿನಿಂದ ನೋಡಿ ಅದನ್ನು ಗುರುತಿಸಲಾಗದು.

ಉತ್ತರ (ರಾಯಚೂರಿನಿಂದ)

ಬಳ್ಳಾರಿಯ ಹಿರಿಯರ ಮಾತಿಗೆ ನಮ್ಮ ಅನುಭವವನ್ನೂ ಸೇರಿಸುತ್ತೇನೆ. ನಮ್ಮದು ಅಜ್ಜನ ಕಾಲದಿಂದ ನಡೆದುಬಂದ ಬೇಕರಿ. ಭಟ್ಟಿಯ ಒಳಗೆ ಹೊಸ ಇಟ್ಟಿಗೆ ಕೂರಿಸಿದಾಗಲೆಲ್ಲ ಅಪ್ಪಾಜಿ ಮೊದಲ ನಾಲ್ಕು ದಿನ ಕಟ್ಟಿಗೆಯನ್ನೇ ಒಳಗೆ ಬಿಡುತ್ತಿರಲಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಇದ್ದಿಲಿನ ಕೆಂಡ ತುಂಬಿ ನಡುವೆ ಇಟ್ಟು, ಎರಡೆರಡು ಗಂಟೆಗೊಮ್ಮೆ ಕೆಂಡ ಬದಲಿಸುತ್ತಿದ್ದರು. ಇದ್ದಿಲಿಗೆ ಜ್ವಾಲೆ ಇಲ್ಲದಿರುವುದರಿಂದ ಕಾವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ನಡುನಡುವೆ ತಣ್ಣನೆಯ ಸ್ಟೀಲ್ ತಾಟೊಂದನ್ನು ಭಟ್ಟಿಯ ಬಾಯಿಯ ಮೇಲಂಚಿಗೆ ಹಿಡಿಯುತ್ತಿದ್ದರು. ತಾಟಿನ ಮೇಲೆ ಮಂಜು ಕಟ್ಟಿದರೆ ಗೋಡೆಯಲ್ಲಿ ಇನ್ನೂ ನೀರಿದೆ ಎಂದು ತಿಳಿದು, ಅಂದಿನ ಕಾವನ್ನೇ ಮರುದಿನವೂ ಮುಂದುವರಿಸುತ್ತಿದ್ದರು. ದಿನ ಎಣಿಸುವುದಕ್ಕಿಂತ ಆ ತಾಟನ್ನು ನಂಬುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಉರಿ ಆರಿದ ಮೇಲೆ ಬಾಯಿಗೆ ತಗಡು ಮುಚ್ಚಿ, ರಾತ್ರಿಯಿಡೀ ನಿಧಾನವಾಗಿ ಆರಲು ಬಿಡಿ. ಬಳ್ಳಾರಿ ಜಾಲಿಯ ಕಟ್ಟಿಗೆ ಅಡುಗೆಗೆ ಬಹಳ ಒಳ್ಳೆಯದು, ಆದರೆ ಅದರ ಕಾವು ಬಲು ಜೋರು; ಅದನ್ನು ಕೊನೆಯ ದಿನಗಳಿಗೆ ಇಟ್ಟುಕೊಳ್ಳಿ. ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡುಗಳನ್ನು ಯಾವತ್ತೂ ಒಳಗೆ ಹಾಕಬೇಡಿ.

ಉತ್ತರ (ಕೊಪ್ಪಳದಿಂದ)

ತಾಟಿನ ಪರೀಕ್ಷೆ ಕೆಂಡವಿರುವಾಗ ಮಾತ್ರ ಸರಿ. ಕಟ್ಟಿಗೆ ಉರಿದಾಗ ಅದರಿಂದಲೂ ನೀರಿನ ಆವಿ ಹೊರಡುವುದರಿಂದ, ಗೋಡೆ ಪೂರ್ತಿ ಒಣಗಿದ್ದರೂ ತಾಟಿಗೆ ಮಂಜು ಕಟ್ಟಬಹುದು. ಕಟ್ಟಿಗೆಯ ಹಂತದಲ್ಲಿ ಥರ್ಮಾಮೀಟರನ್ನೇ ನಂಬಿ.

ನೀವು ತಳದ ಬಗ್ಗೆ ಏನನ್ನೂ ಬರೆದಿಲ್ಲ. ಇಟ್ಟಿಗೆಯ ಕೆಳಗೆ ಕಾಂಕ್ರೀಟ್ ಚಪ್ಪಡಿ ಮಾತ್ರ ಇದೆಯೇ? ಹಾಗಿದ್ದರೆ ಎಷ್ಟು ಉರಿ ಹಾಕಿದರೂ ಚಪ್ಪಡಿ ಕಾವನ್ನು ಹೀರುತ್ತಿರುತ್ತದೆ, ಪಿಜ್ಜಾದ ಮೇಲ್ಭಾಗ ಸುಟ್ಟು ಅಡಿ ಹಸಿಯಾಗಿ ಉಳಿಯುತ್ತದೆ. ಅಡಿಗೆ ಗ್ರಾನೈಟ್ ಹಾಸುವ ಆಸೆಯೂ ಬೇಡ. ಅದರಲ್ಲಿರುವ ಸ್ಫಟಿಕಶಿಲೆ 573 ಡಿಗ್ರಿಯಲ್ಲಿ ಒಮ್ಮೆಲೇ ಹಿಗ್ಗುವ ಗುಣದ್ದು, ಕೆಂಡದ ಅಡಿಯಲ್ಲಿ ಚಕ್ಕೆ ಏಳುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಹೌದು, ಕೆಳಗೆ ಬರೀ ಕಾಂಕ್ರೀಟ್ ಇದೆ. ಅದೃಷ್ಟಕ್ಕೆ ಗುಮ್ಮಟವನ್ನು ಕಟ್ಟೆಯ ಮೇಲೆಯೇ ಎಬ್ಬಿಸಿ, ತಳದ ಇಟ್ಟಿಗೆಗಳನ್ನು ಅದರೊಳಗೆ ಗಾರೆಯಿಲ್ಲದೆ ಮರಳಿನ ಮೇಲೆ ಜೋಡಿಸಿದ್ದೇವೆ.

ಉತ್ತರ (ಕೊಪ್ಪಳದಿಂದ)

ಹಾಗಾದರೆ ಕೆಲಸ ಸುಲಭ. ಬಾಯಿಯಿಂದಲೇ ಒಂದೊಂದಾಗಿ ಇಟ್ಟಿಗೆ ಎತ್ತಿ, ಕಾವು ಕೆಳಗಿಳಿಯದಂತೆ ತಡೆಯುವ ಒಂದಿಂಚು ದಪ್ಪದ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಹಾಸಿ, ಮತ್ತೆ ಜೋಡಿಸಿ. ಬಾಯಿ ಹನ್ನೊಂದೂವರೆ ಇಂಚಿಗೆ ಇಳಿದರೂ ತೊಂದರೆಯಿಲ್ಲ. ಹೊಸದಾಗಿ ಕಟ್ಟುವವರು ಐದು ಪಾಲು ವರ್ಮಿಕ್ಯುಲೈಟ್‌ಗೆ (ಕಾವು ತಡೆಯುವ ಹಗುರ ಖನಿಜ) ಒಂದು ಪಾಲು ಸಿಮೆಂಟ್ ಕಲಸಿ ನಾಲ್ಕಿಂಚು ಹಾಕಿದರೆ ಇನ್ನೂ ಒಳ್ಳೆಯದು.

ಗುಮ್ಮಟದ ಮೇಲೆ ಒಂದಿಂಚಿನ ಸೆರಾಮಿಕ್ ಫೈಬರ್ ಹೊದಿಕೆಯನ್ನು ಎರಡು ಪದರ ಹೊದಿಸಬೇಕು. ಬೆಲೆ ಹೆಚ್ಚೆನಿಸಿದರೆ ಒಂದೇ ಪದರ ಹೊದಿಸಿ, ಸುತ್ತ ಗೋಡೆ ಎತ್ತಿ ಭತ್ತದ ಹೊಟ್ಟಿನ ಬೂದಿ ತುಂಬಿ; ನಿಮ್ಮ ಊರಿನ ರೈಸ್ ಮಿಲ್‌ಗಳಲ್ಲಿ ಅದಕ್ಕೆ ಬರವಿಲ್ಲ. ಕರಿ ಬೂದಿಯನ್ನು ಬಿಟ್ಟು ಬೂದು ಬಣ್ಣದ್ದನ್ನೇ ಆರಿಸಿ, ಮಳೆ ನೀರು ಇಳಿಯದಂತೆ ಮೇಲೆ ಸೂರು ಮಾಡಿ. ಹೊದಿಕೆ, ಬೂದಿ ಎರಡರ ದೂಳೂ ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಗವಸು ಕಟ್ಟಿಕೊಳ್ಳದೆ ಮುಟ್ಟಬೇಡಿ.

ಉತ್ತರ (ಬಳ್ಳಾರಿಯಿಂದ)

ಹೊಟ್ಟಿನ ಬೂದಿಯ ಮಾತು ನಿಜ. ಲ್ಯಾಡಲ್‌ನಲ್ಲಿ ಕರಗಿದ ಉಕ್ಕು ಬೇಗ ಆರದಂತೆ ಅದರ ಮೇಲೆ ನಾವು ಹರಡುತ್ತಿದ್ದದ್ದೂ ಅದನ್ನೇ. ಆದರೆ ಒಲೆ ಪೂರ್ತಿ ಕಾದು ಒಣಗುವವರೆಗೆ ಹೊದಿಕೆಯೂ ಬೇಡ, ಬೂದಿಯೂ ಬೇಡ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ)

ಗಿಲಾವು ಬಿಡಿಸಲು ಎರಡು ದಿನ ಹಿಡಿಯಿತು. ಗೌಂಡಿಯವರಿಗೆ ಇಲ್ಲಿಯ ಉತ್ತರಗಳನ್ನು ಓದಿ ಹೇಳಿದೆ. ಅವರೇ ಮುಂದೆ ನಿಂತು ಬಿಡಿಸಿಕೊಟ್ಟರು. ಒಳಗಿನ ಗಾರೆ ಇನ್ನೂ ಕಡುಬೂದು ಬಣ್ಣಕ್ಕಿತ್ತು, ಬೆರಳಿಟ್ಟರೆ ತಂಪು ತಾಗುತ್ತಿತ್ತು. ತಳಕ್ಕೆ ಬೋರ್ಡ್ ಹಾಸಿದೆವು. ಕೆಂಡದ ಮೂರನೆಯ ದಿನವೂ ತಾಟಿಗೆ ಮಂಜು ಕಟ್ಟಿದ್ದರಿಂದ ಅದೇ ಕಾವಿನಲ್ಲಿ ಇನ್ನೆರಡು ದಿನ ಮುಂದುವರಿಸಿ, ಆಮೇಲೆ ಸಣ್ಣ ಕಟ್ಟಿಗೆಗೆ ಇಳಿದೆ.

ನಿನ್ನೆ ಜಾಲಿ ಕಟ್ಟಿಗೆಯಲ್ಲಿ ನೆತ್ತಿ 360 ಡಿಗ್ರಿ ದಾಟಿತು. ಅದುವರೆಗೆ ಕಪ್ಪಗಿದ್ದ ಮಸಿ ನೆತ್ತಿಯಿಂದ ಸುಟ್ಟುಕೊಂಡು ಇಳಿಯುತ್ತ ಬಂದು, ಇಟ್ಟಿಗೆಗಳು ಒಂದೊಂದು ಸಾಲಾಗಿ ಬೆಳ್ಳಗಾದವು. ಹೊಸ ಬಿರುಕು ಬಂದಿಲ್ಲ. ಹಳೆಯದು ಬೆಳಿಗ್ಗೆ ಆರಿದ ಮೇಲೆ ಉಗುರಿಗೆ ಸಿಗುತ್ತಿಲ್ಲ. ತಳ 340ರಲ್ಲಿದ್ದಾಗ ಹಾಕಿದ ಪಿಜ್ಜಾ ಮೂರು ನಿಮಿಷದಲ್ಲಿ ಬೆಂದಿತು, ಅಡಿಯೂ ಗರಿಗರಿಯಾಗಿತ್ತು. ನಾಳೆ ಹೊದಿಕೆ ಹೊದಿಸುತ್ತೇವೆ. ಪಕ್ಕದ ಓಣಿಯ ಮಿಲ್ಲಿನವರು ಬೂದು ಬಣ್ಣದ ಬೂದಿಯನ್ನೇ ಆರಿಸಿ ಆರು ಚೀಲ ತುಂಬಿಸಿಟ್ಟಿದ್ದಾರೆ.